ಕೋರಿಕೆ ಹಕ್ಕೊತ್ತಾಯವಾದಾಗ: ಪಬ್ ಡಿಜೆಗಳ ರಕ್ಷಣೆ ಯಾರ ಹೊಣೆ?

ಬೆಂಗಳೂರು: ವಾರಾಂತ್ಯದ ರಾತ್ರಿ ಹನ್ನೆರಡೂವರೆ ಗಂಟೆ. ಇಂದಿರಾನಗರದ ನೂರಡಿ ರಸ್ತೆಯಲ್ಲಾಗಲಿ, ಕೋರಮಂಗಲದಲ್ಲಾಗಲಿ, ಚರ್ಚ್ ಸ್ಟ್ರೀಟ್‌ನಲ್ಲಾಗಲಿ, ಪಬ್ ಎಂಬುದರ ಒಳಗಿನ ದೃಶ್ಯ ಹೆಚ್ಚು ಕಡಿಮೆ ಒಂದೇ. ಕನ್ಸೋಲ್‌ನ ಹಿಂದೆ ಒಬ್ಬ ಡಿಜೆ. ಅವರ ಮುಖಕ್ಕೆ ಅರ್ಧ ಅಡಿ ದೂರದಲ್ಲಿ, ಹಾಡಿನ ಹೆಸರು ಟೈಪ್ ಮಾಡಿದ ಮೊಬೈಲ್ ಹಿಡಿದ ಒಂದು ಕೈ. ಹತ್ತು ನಿಮಿಷದ ಹಿಂದೆ ಬಂದಿದ್ದ ಅದೇ ಕೈ. ಇನ್ನು ಹತ್ತು ನಿಮಿಷಕ್ಕೆ ಮತ್ತೆ ಬರಲಿರುವ ಕೈ. ಮೊದಲ ಸಲ ಅದು ಕೋರಿಕೆ. ಎರಡನೆಯ ಸಲ ಒತ್ತಾಯ. ಮೂರನೆಯ ಸಲ ಏನಾಗುತ್ತದೆ ಎಂಬುದನ್ನು ಆ ಕೈಯ ಒಡೆಯ ಕುಡಿದಿರುವ ಪ್ರಮಾಣ, ಆತನ ಮೇಜಿನ ಬಿಲ್ಲಿನ ಗಾತ್ರ ಮತ್ತು ಬಾಗಿಲಲ್ಲಿ ನಿಂತ ಬೌನ್ಸರ್‌ನ ಸಮಯಪ್ರಜ್ಞೆ ನಿರ್ಧರಿಸುತ್ತವೆ.

ರಾತ್ರಿ ಬದುಕಿನ ಬಗ್ಗೆ ರಾಜ್ಯದಲ್ಲಿ ಎರಡು ದಶಕಗಳಿಂದ ಚರ್ಚೆ ನಡೆಯುತ್ತಲೇ ಇದೆ. ಪಬ್ ಎಷ್ಟು ಗಂಟೆಗೆ ಮುಚ್ಚಬೇಕು, ಒಳಗೆ ಕುಣಿಯಬಹುದೇ, ಧ್ವನಿವರ್ಧಕದ ಸದ್ದು ಎಷ್ಟಿರಬೇಕು, ಯಾವ ಪರವಾನಗಿ ಬೇಕು ಎಂಬ ಪ್ರಶ್ನೆಗಳು ಪೊಲೀಸ್ ಕಚೇರಿಯಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಬಂದಿವೆ. ಆದರೆ ಅಲ್ಲಿ ನಿಂತು ದುಡಿಯುವವರ ಮೈಮೇಲೆ ಗ್ರಾಹಕ ಏರಿ ಬಂದರೆ ಯಾರು ಅಡ್ಡ ನಿಲ್ಲಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅಷ್ಟೇ ಗಟ್ಟಿಯಾಗಿ ಯಾರೂ ಕೇಳಿದಂತಿಲ್ಲ.

ರಾಂಚಿಯ ಎಚ್ಚರಿಕೆ

ಈ ಪ್ರಶ್ನೆಯ ಗಂಭೀರತೆಯನ್ನು ದೇಶಕ್ಕೆ ತೋರಿಸಿದ್ದು 2024ರ ಮೇ ತಿಂಗಳ ಕೊನೆಯ ವಾರದ ಘಟನೆ. ಜಾರ್ಖಂಡ್ ರಾಜಧಾನಿ ರಾಂಚಿಯ ಬಾರ್ ಒಂದರಲ್ಲಿ ನಡುರಾತ್ರಿ ದಾಟಿದ ಮೇಲೆ ಗ್ರಾಹಕರ ಗುಂಪಿಗೂ ಸಿಬ್ಬಂದಿಗೂ ಜಗಳ ನಡೆಯಿತು. ಹೊರಗೆ ಹೋದ ವ್ಯಕ್ತಿಯೊಬ್ಬ ಬಂದೂಕಿನೊಂದಿಗೆ ಮರಳಿ ಬಂದು, ಅಲ್ಲಿ ಡಿಜೆಯಾಗಿ ದುಡಿಯುತ್ತಿದ್ದ ಯುವಕನ ಎದೆಗೆ ಗುಂಡು ಹಾರಿಸಿದ. ಯುವಕ ಮೃತಪಟ್ಟ. ಸಿಸಿಟಿವಿಯಲ್ಲಿ ಸೆರೆಯಾದ ಆ ದೃಶ್ಯವನ್ನು ದೇಶವೇ ನೋಡಿತು, ಕೆಲವು ದಿನ ಮಾತಾಡಿತು, ಮರೆಯಿತು.

ಇದು ಅಪರೂಪದ ಅತಿರೇಕವೆಂದು ಪಕ್ಕಕ್ಕಿಡಲು ಇತಿಹಾಸ ಬಿಡುವುದಿಲ್ಲ. 1999ರ ಏಪ್ರಿಲ್ ಕೊನೆಯ ರಾತ್ರಿಗಳಲ್ಲೊಂದರಲ್ಲಿ ದೆಹಲಿಯ ಪಾರ್ಟಿಯೊಂದರಲ್ಲಿ ಜೆಸ್ಸಿಕಾ ಲಾಲ್ ಹತ್ಯೆಯಾದದ್ದು, ಬಾರ್ ಮುಚ್ಚಿದೆ, ಮದ್ಯ ಕೊಡಲಾಗದು ಎಂದು ಹೇಳಿದ ಕಾರಣಕ್ಕೆ. ಆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಸುಪ್ರೀಂ ಕೋರ್ಟ್‌ನಲ್ಲಿ ಖಾಯಂ ಆಗಲು 2010ರವರೆಗೆ ಕಾಯಬೇಕಾಯಿತು. 2016ರ ಡಿಸೆಂಬರ್‌ನಲ್ಲಿ ಪಂಜಾಬಿನ ಬಠಿಂಡಾ ಜಿಲ್ಲೆಯ ಮದುವೆ ಸಮಾರಂಭದಲ್ಲಿ ವೇದಿಕೆಯ ಮೇಲಿದ್ದ ನರ್ತಕಿ ಗುಂಡಿಗೆ ಬಲಿಯಾದಳು. ಮೂರೂ ಘಟನೆಗಳ ಊರು, ಕಾಲ, ಕಾರಣ ಬೇರೆ. ಆದರೆ ಮೂರರಲ್ಲೂ ಸತ್ತವರು ಇತರರ ಸಂತೋಷಕ್ಕಾಗಿ ರಾತ್ರಿ ದುಡಿಯುತ್ತಿದ್ದವರು.

ಕೊಲೆಯವರೆಗೆ ಹೋಗುವುದು ವಿರಳ, ನಿಜ. ಕನ್ಸೋಲ್ ಮೇಲೆ ಗ್ಲಾಸು ಇಟ್ಟು ಚೆಲ್ಲುವುದು, ಹೆಡ್‌ಫೋನ್ ಕಿತ್ತುಕೊಳ್ಳುವುದು, ಮೈಕ್ ಕಸಿದು ಗೆಳೆಯನ ಹುಟ್ಟುಹಬ್ಬ ಘೋಷಿಸುವುದು, ಮಿಕ್ಸರ್‌ನ ಗುಂಡಿ ತಿರುಗಿಸುವುದು, ಭುಜದ ಮೇಲೆ ಕೈ ಹಾಕಿ ಸೆಲ್ಫಿಗೆ ಎಳೆಯುವುದು ಮಾತ್ರ ವಿರಳವಲ್ಲ. ಈ ವೃತ್ತಿಯಲ್ಲಿ ಅವು ರಾತ್ರಿಯ ವಾಡಿಕೆ.

ಹಾಡು ಹಾಕುವುದಷ್ಟೇ ಕೆಲಸವೇ?

ಡಿಜೆ ಎಂದರೆ ಗುಂಡಿ ಒತ್ತಿ ಹಾಡು ಹಾಕುವವ ಎಂಬ ತಿಳಿವಳಿಕೆಯೇ ಅರ್ಧ ಸಮಸ್ಯೆಯ ಮೂಲ. ಸಭಿಕರ ಕಿವಿಗೆ ಒಂದು ಹಾಡು ಬೀಳುತ್ತಿರುವಾಗಲೇ ಡಿಜೆಯ ಹೆಡ್‌ಫೋನ್‌ನಲ್ಲಿ ಮುಂದಿನ ಹಾಡು ನಡೆಯುತ್ತಿರುತ್ತದೆ. ಎರಡರ ತಾಳದ ವೇಗ ಹೊಂದಿಸಿ, ಯಾವ ಪೆಟ್ಟಿನಲ್ಲಿ ಒಂದನ್ನು ಇಳಿಸಿ ಮತ್ತೊಂದನ್ನು ಏರಿಸಬೇಕೆಂದು ಗುರುತು ಮಾಡಿಕೊಳ್ಳಬೇಕು. ಕುಣಿತಕ್ಕೆಂದು ನುಡಿಸುವ ಹೌಸ್ ಮಾದರಿಯ ಸಂಗೀತ ನಿಮಿಷಕ್ಕೆ ಸುಮಾರು 120ರಿಂದ 128 ಪೆಟ್ಟಿನ ವೇಗದಲ್ಲಿ ಸಾಗುತ್ತದೆ. ಅದರ ನಡುವೆ 90 ಪೆಟ್ಟಿನ ಚಿತ್ರಗೀತೆಯೊಂದನ್ನು ತಕ್ಷಣ ಹಾಕಬೇಕೆಂದರೆ ಕುಣಿಯುವವರ ಕಾಲು ತಪ್ಪುತ್ತದೆ. ಅಂಥ ಹಾಡಿಗೆ ದಾರಿ ಮಾಡಲು ಎರಡು ಮೂರು ಹಾಡುಗಳಷ್ಟು ಸಮಯ ಬೇಕು.

ಈ ಕೆಲಸದ ಅತಿ ಸೂಕ್ಷ್ಮ ಘಳಿಗೆ ಎಂದರೆ ಒಂದು ಹಾಡು ಮುಗಿದು ಮತ್ತೊಂದು ಸೇರುವ ಅರ್ಧ ನಿಮಿಷ. ಗ್ರಾಹಕ ಕನ್ಸೋಲ್‌ಗೆ ಬರುವುದೂ ಬಹುಪಾಲು ಆಗಲೇ. ಅವನ ಮಾತು ಕೇಳಿಸಿಕೊಳ್ಳಬೇಕಾದರೆ ಡಿಜೆ ಹೆಡ್‌ಫೋನ್ ತೆಗೆಯಬೇಕು. ತೆಗೆದರೆ ಸೇರುವೆ ತಪ್ಪುತ್ತದೆ. ತೆಗೆಯದಿದ್ದರೆ ಅಹಂಕಾರಿ ಎಂಬ ಬಿರುದು ಸಿದ್ಧ. ಸದ್ದಿನ ನಡುವೆ ಮಾತಾಡಲು ಕಿವಿಯ ಬಳಿ ಬಾಯಿ ತರುವುದು ಅನಿವಾರ್ಯ ಎಂಬ ನೆಪವೇ ಮೈಗೆ ಅಂಟಿ ನಿಲ್ಲುವ ಪರವಾನಗಿಯಾಗುತ್ತದೆ. ಮಹಿಳಾ ಡಿಜೆಗಳ ದೂರುಗಳಲ್ಲಿ ಇದು ಮೇಲಿಂದ ಮೇಲೆ ಕೇಳಿಬರುವ ಮಾತು.

ಕನ್ನಡ ಹಾಡಿನ ಪ್ರಶ್ನೆ

ಕೋರಿಕೆ ಎಂಬುದು ಕನ್ನಡಿಗರಿಗೆ ಹೊಸದೇನಲ್ಲ. ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಅಂಚೆ ಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಬರೆದು ಕಳುಹಿಸಿ ವಾರಗಟ್ಟಲೆ ಕಾದ ತಲೆಮಾರು ಇನ್ನೂ ಇದೆ. ಜಾತ್ರೆ, ಗಣೇಶೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ವೇದಿಕೆಗೆ ಚೀಟಿ ಕಳುಹಿಸುವ ರೂಢಿ ಊರೂರಲ್ಲಿತ್ತು. ಆ ಎರಡೂ ವ್ಯವಸ್ಥೆಗಳಲ್ಲಿ ಕೇಳುವವರಿಗೂ ನುಡಿಸುವವರಿಗೂ ನಡುವೆ ಒಂದು ಅಂತರವಿತ್ತು, ಒಬ್ಬ ಮಧ್ಯವರ್ತಿಯಿದ್ದ. ಹಾಡು ಬಂದರೆ ಸಂತೋಷ. ಬಾರದಿದ್ದರೆ ಮುಂದಿನ ವಾರ. ಪಬ್‌ನಲ್ಲಿ ಈ ಅಂತರವೂ ಇಲ್ಲ, ಮಧ್ಯವರ್ತಿಯೂ ಇಲ್ಲ.

ಬೆಂಗಳೂರಿನ ಮಟ್ಟಿಗೆ ಈ ವಿಷಯಕ್ಕೆ ಭಾಷೆಯ ಆಯಾಮವೂ ಇದೆ. 2022ರ ಆರಂಭದಲ್ಲಿ ಕೋರಮಂಗಲದ ಪಬ್ ಒಂದರಲ್ಲಿ ಕನ್ನಡ ಹಾಡು ಹಾಕುವಂತೆ ಕೇಳಿದ ಗ್ರಾಹಕರನ್ನು ಸಿಬ್ಬಂದಿ ಅವಮಾನಿಸಿದರೆಂಬ ಆರೋಪ ಕೇಳಿಬಂದು ಕನ್ನಡಪರ ಸಂಘಟನೆಗಳು ಪ್ರತಿಭಟಿಸಿದವು. 2025ರ ಏಪ್ರಿಲ್‌ನಲ್ಲಿ ನಗರದ ಕಾಲೇಜೊಂದರ ಕಾರ್ಯಕ್ರಮದಲ್ಲಿ, ಕನ್ನಡ ಹಾಡಿಗಾಗಿ ಕೂಗಿದ ಯುವಕನ ವರ್ತನೆಯನ್ನು ಆಕ್ಷೇಪಿಸುವ ಭರದಲ್ಲಿ ಗಾಯಕ ಸೋನು ನಿಗಮ್ ಪಹಲ್ಗಾಮ್ ದಾಳಿಯನ್ನು ಪ್ರಸ್ತಾಪಿಸಿದ್ದು ದೊಡ್ಡ ವಿವಾದವಾಯಿತು. ಅವರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ ಅಸಹಕಾರ ಘೋಷಿಸಿತು. ಗಾಯಕರು ಕ್ಷಮೆ ಕೋರಿದರು.

ಈ ಎರಡು ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೆ ಎರಡೂ ಒಂದು ಸೂಕ್ಷ್ಮವನ್ನು ತಿಳಿಸುತ್ತವೆ. ಕರ್ನಾಟಕದ ರಾಜಧಾನಿಯಲ್ಲಿ ಹಣ ಕೊಟ್ಟು ಒಳಬಂದವರು ಕನ್ನಡ ಹಾಡು ಕೇಳುವುದು ಉಪಟಳವಲ್ಲ. ಅದು ಸಹಜ ಅಪೇಕ್ಷೆ. ಇಡೀ ರಾತ್ರಿಯ ಸಂಗ್ರಹದಲ್ಲಿ ಒಂದೂ ಕನ್ನಡ ಹಾಡು ಇಟ್ಟುಕೊಳ್ಳದೆ, ಕೇಳಿದವರನ್ನು ತಾತ್ಸಾರದಿಂದ ನೋಡುವ ಡಿಜೆ ಹಾಗೂ ಮಾಲೀಕರು ತಮ್ಮ ನೆಲವನ್ನು ಅರಿಯದವರು. ಹಾಗೆಂದು ಕೇಳಿದ ಹಾಡು ಕೇಳಿದ ಕ್ಷಣದಲ್ಲೇ ಬರಬೇಕೆಂದು ಕನ್ಸೋಲ್ ಗುದ್ದುವವನಿಗೆ ಭಾಷಾಭಿಮಾನದ ರಕ್ಷೆ ದೊರೆಯದು. ಹಿಂದಿ ಹಾಡಿಗೋ ಪಂಜಾಬಿ ಹಾಡಿಗೋ ಅದೇ ರೀತಿ ಗುದ್ದುವವನಿಗೂ ಆತನಿಗೂ ವ್ಯತ್ಯಾಸವಿಲ್ಲ. ಕೇಳುವುದು ಹಕ್ಕು, ಹೆದರಿಸುವುದು ಹಕ್ಕಲ್ಲ. ಕೇಳುವ ಹಕ್ಕಿಗೆ ಮರ್ಯಾದೆ ಸಿಕ್ಕಾಗ ಹೆದರಿಸುವವನನ್ನು ಹೊರಹಾಕುವುದೂ ಸುಲಭವಾಗುತ್ತದೆ. ಉಳಿದ ಗ್ರಾಹಕರು ಆಗ ಪಬ್‌ನ ಪರವೇ ನಿಲ್ಲುತ್ತಾರೆ.

ಹಣದ ದರ್ಪ, ಮಾಲೀಕರ ಮೌನ

ಉಪಟಳ ಕೊಡುವವರೆಲ್ಲ ಒಂದೇ ತೆರನವರಲ್ಲ. ಸಂಭ್ರಮದ ಅಮಲಿನಲ್ಲಿ ಮಿತಿ ಮರೆತವರು ಒಂದು ವರ್ಗ. ಒಂದು ಮುಗುಳ್ನಗೆ, ಆಮೇಲೆ ನೋಡೋಣ ಎಂಬ ಕೈಸನ್ನೆ ಅವರಿಗೆ ಸಾಕು. ತಾನೂ ಸಂಗೀತ ಬಲ್ಲೆನೆಂದು ಪಕ್ಕದಲ್ಲೇ ನಿಂತು ಪಾಠ ಹೇಳುವವರು ಇನ್ನೊಂದು ವರ್ಗ. ಕಿರಿಕಿರಿ ಹೌದು, ಅಪಾಯವಲ್ಲ. ನಿಜವಾದ ಕಷ್ಟ ಮೂರನೆಯ ವರ್ಗದಿಂದ. ದೊಡ್ಡ ಮೊತ್ತದ ಮೇಜು ಕಾದಿರಿಸಿದವನು, ಮಾಲೀಕನ ಸ್ನೇಹಿತ, ಬಡಾವಣೆಯ ಪುಢಾರಿಯ ಸಂಬಂಧಿ, ನಾನು ಯಾರು ಗೊತ್ತೇ ಎಂದು ಮಾತು ಆರಂಭಿಸುವವನು. ಈತ ಕೊಂಡದ್ದು ಮದ್ಯವನ್ನಷ್ಟೇ ಆದರೂ ಕೊಂಡೆನೆಂದು ಭಾವಿಸುವುದು ಇಡೀ ಸ್ಥಳವನ್ನು, ಅಲ್ಲಿ ದುಡಿಯುವವರ ಸಹಿತ.

ಇಲ್ಲಿ ಡಿಜೆಯ ಸ್ಥಾನ ದುರ್ಬಲ. ಅನೇಕ ಪಬ್‌ಗಳಲ್ಲಿ ಡಿಜೆ ಖಾಯಂ ನೌಕರನಲ್ಲ. ರಾತ್ರಿಗಿಷ್ಟು ಎಂಬ ಮಾತಿನ ಮೇಲೆ ಬಂದವನು. ನೇಮಕ ಪತ್ರವಿಲ್ಲ, ಮಾಡಿಕೊಂಡ ಒಪ್ಪಂದವೂ ಬಹುಪಾಲು ಮೊಬೈಲ್ ಸಂದೇಶಗಳಲ್ಲಿಯೇ. ದೊಡ್ಡ ಗ್ರಾಹಕನ ವಿರುದ್ಧ ದೂರಿದರೆ ಮುಂದಿನ ವಾರ ಕರೆ ಬರುವುದಿಲ್ಲ ಎಂಬ ಭಯ ಸದಾ ಇರುತ್ತದೆ. ಆದ್ದರಿಂದ ಸಹನೆಯೇ ಈ ವೃತ್ತಿಯ ಅರ್ಹತೆ ಎಂಬಂತಾಗಿದೆ. ಜನರನ್ನು ಸಂಭಾಳಿಸಲು ಬಾರದವನು ಡಿಜೆಯೇ ಅಲ್ಲ ಎಂಬ ಮಾತು ಹಿರಿಯರಿಂದ ಕಿರಿಯರಿಗೆ ಬುದ್ಧಿವಾದವಾಗಿ ಸಾಗಿಬಂದಿದೆ. ಆ ಮಾತಿನಲ್ಲಿ ಸತ್ಯಾಂಶವಿದ್ದರೂ, ಮಾಲೀಕನ ಹೊಣೆಯನ್ನು ದುಡಿಯುವವನ ಹೆಗಲಿಗೆ ವರ್ಗಾಯಿಸುವ ಕೆಲಸವನ್ನೂ ಅದು ಸದ್ದಿಲ್ಲದೆ ಮಾಡಿದೆ.

ಮುಚ್ಚುವ ವೇಳೆ ಈ ಒತ್ತಡವನ್ನು ಇಮ್ಮಡಿಗೊಳಿಸುತ್ತದೆ. ಬೆಂಗಳೂರಿನಲ್ಲಿ ಪಬ್‌ಗಳ ಅವಧಿಯನ್ನು 2014ರಲ್ಲಿ ವಾರಾಂತ್ಯಗಳಿಗೆ, 2016ರಲ್ಲಿ ಎಲ್ಲ ದಿನಗಳಿಗೆ ರಾತ್ರಿ ಒಂದರವರೆಗೆ ವಿಸ್ತರಿಸಲಾಯಿತು. ಒಂದು ಗಂಟೆಗೆ ಬಾಗಿಲು ಹಾಕಬೇಕಾದರೆ ಸಂಗೀತ ಅದಕ್ಕೂ ಮೊದಲೇ ನಿಲ್ಲಬೇಕು. ಕೊನೆಯದೊಂದು ಹಾಡು ಎಂಬ ಕೂಗು ಎದ್ದಾಗ, ಹಾಕಿದರೆ ಪೊಲೀಸರ ದಂಡ, ಹಾಕದಿದ್ದರೆ ಗ್ರಾಹಕರ ಸಿಟ್ಟು. ಕಾನೂನನ್ನು ಜಾರಿಗೊಳಿಸುವ ಅಪ್ರಿಯ ಕೆಲಸ ಹೀಗೆ ಡಿಜೆಯ ಬೆರಳ ತುದಿಗೆ ಬಂದು ನಿಲ್ಲುತ್ತದೆ. ಸದ್ದಿನ ವಿಷಯದಲ್ಲೂ ಅಷ್ಟೇ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಮುಚ್ಚಿದ ಆವರಣದ ಹೊರಗೆ ಧ್ವನಿವರ್ಧಕಕ್ಕೆ ಅವಕಾಶ ಕೊಡುವುದಿಲ್ಲ. ಮೇಲ್ಛಾವಣಿಯ ಪಬ್‌ಗಳಲ್ಲಿ ಹತ್ತು ಗಂಟೆಗೆ ಸದ್ದು ಇಳಿಸುವ ಡಿಜೆ, ನಿಯಮ ಅರಿಯದ ಗ್ರಾಹಕರ ಬೈಗುಳಕ್ಕೆ ಮೊದಲ ಗುರಿ.

ಕಾನೂನು ಏನು ಹೇಳುತ್ತದೆ?

ನಿಯಮಗಳ ಕೊರತೆ ಇದೆಯೇ ಎಂದರೆ, ಸಂಪೂರ್ಣವಾಗಿ ಇಲ್ಲ. ಪಬ್‌ಗಳ ಸಂಗೀತ, ಮನರಂಜನೆಗೆ ಸಂಬಂಧಿಸಿದ 2005ರ ಬೆಂಗಳೂರು ನಗರ ಪರವಾನಗಿ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಪೊಲೀಸರ ಕೈಯಲ್ಲಿ ಪರವಾನಗಿಯೆಂಬ ಅಸ್ತ್ರವಿದೆ ಎಂಬುದು ಇದರಿಂದ ಸ್ಪಷ್ಟ. ಆದರೆ ಈ ಅಸ್ತ್ರದ ಬಳಕೆಯ ಚರ್ಚೆ ಬಹುಪಾಲು ವೇಳೆ, ಸದ್ದು, ಕುಣಿತಗಳ ಸುತ್ತಲೇ ನಡೆದಿದೆ. 2008ರಲ್ಲಿ ಅಂದಿನ ಪೊಲೀಸ್ ಕಮಿಷನರ್ ಶಂಕರ ಬಿದರಿ ಅವರ ಅವಧಿಯಲ್ಲಿ ಪಬ್‌ಗಳ ಕುಣಿತದ ಮೇಲೆ ಬಿದ್ದ ಕಡಿವಾಣವನ್ನು ನಗರ ಇನ್ನೂ ನೆನಪಿಟ್ಟಿದೆ. 2009ರ ಜನವರಿಯಲ್ಲಿ ಮಂಗಳೂರಿನ ಪಬ್‌ಗೆ ನುಗ್ಗಿ ಯುವತಿಯರ ಮೇಲೆ ನಡೆಸಿದ ದಾಳಿ ದೇಶವ್ಯಾಪಿ ಚರ್ಚೆಯಾಯಿತು. ಹೊರಗಿನಿಂದ ನುಗ್ಗುವವರ ಭಯ ಚರ್ಚೆಯಾದಷ್ಟು, ಒಳಗಿನ ಗ್ರಾಹಕನ ಭಯ ಚರ್ಚೆಯಾಗಲಿಲ್ಲ.

ಮಹಿಳಾ ಡಿಜೆಗಳಿಗೆ ಸಂಬಂಧಿಸಿದಂತೆ ಕಾನೂನು ಸಾಕಷ್ಟು ಸ್ಪಷ್ಟವಿದೆ. 1997ರ ವಿಶಾಖಾ ತೀರ್ಪಿನ ಅಡಿಪಾಯದ ಮೇಲೆ ರೂಪುಗೊಂಡ 2013ರ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ ತಾತ್ಕಾಲಿಕ, ದಿನಗೂಲಿ ಹಾಗೂ ಗುತ್ತಿಗೆಯವರನ್ನೂ ಒಳಗೊಳ್ಳುತ್ತದೆ. ಅದರ 19ನೆಯ ಕಲಮಿನ ಪ್ರಕಾರ, ಕೆಲಸದ ಸ್ಥಳದಲ್ಲಿ ಸಂಪರ್ಕಕ್ಕೆ ಬರುವ ವ್ಯಕ್ತಿಗಳಿಂದಲೂ ರಕ್ಷಣೆಯಿರುವ ವಾತಾವರಣ ಒದಗಿಸುವುದು ಮಾಲೀಕನ ಕರ್ತವ್ಯ. ಕಿರುಕುಳ ಕೊಟ್ಟವನು ಅಲ್ಲಿನ ನೌಕರನಲ್ಲದಿದ್ದರೂ, ನೊಂದ ಮಹಿಳೆ ಬಯಸಿದಲ್ಲಿ ಆತನ ವಿರುದ್ಧ ಕ್ರಿಮಿನಲ್ ಕ್ರಮಕ್ಕೆ ಮುಂದಾಗಬೇಕಾದವನು ಮಾಲೀಕನೇ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಆಂತರಿಕ ಸಮಿತಿ ಇರಬೇಕು. ಅದಿಲ್ಲದ ಕಡೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಒಂದು ರಾತ್ರಿಗೆಂದು ಬಂದ ಡಿಜೆ ತನ್ನ ನೌಕರಳಲ್ಲ ಎಂದು ಮಾಲೀಕ ಕೈತೊಳೆದುಕೊಳ್ಳಲು ಈ ಕಾಯ್ದೆಯಲ್ಲಿ ಸುಲಭದ ದಾರಿಯಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೆಯ ಕಲಮುಗಳು ಮಹಿಳೆಯ ಮಾನಕ್ಕೆ ಧಕ್ಕೆ ತರುವ ಹಲ್ಲೆ ಹಾಗೂ ಲೈಂಗಿಕ ಕಿರುಕುಳಕ್ಕೆ, 78ನೆಯದು ಬೆನ್ನುಹತ್ತಿ ಪೀಡಿಸುವುದಕ್ಕೆ ಅನ್ವಯ. ಪಬ್ ಮುಚ್ಚಿದ ಮೇಲೆ ಕ್ಯಾಬ್‌ವರೆಗೆ ಹಿಂಬಾಲಿಸುವವನಿಗೂ, ಬೇಡವೆಂದರೂ ಇನ್‌ಸ್ಟಾಗ್ರಾಂನಲ್ಲಿ ಸಂದೇಶ ಸುರಿಯುವವನಿಗೂ ಈ ಕೊನೆಯ ಕಲಮನ್ನು ಪ್ರಯೋಗಿಸಬಹುದು. ಪುರುಷ ಡಿಜೆಗಳಿಗೆ 2013ರ ಕಾಯ್ದೆಯ ಆಸರೆಯಿಲ್ಲ. ಆದರೆ ಹೊಡೆದರೆ 115, ಅಡ್ಡಗಟ್ಟಿದರೆ 126, ಉಪಕರಣ ಹಾಳುಮಾಡಿದರೆ 324, ಬೆದರಿಕೆ ಹಾಕಿದರೆ 351ನೆಯ ಕಲಮುಗಳು ಎಲ್ಲರಿಗೂ ಲಭ್ಯ.

ಹಾಗಾದರೆ ದೂರುಗಳೇಕೆ ಠಾಣೆಯವರೆಗೆ ಹೋಗುವುದಿಲ್ಲ? ಠಾಣೆಯ ಮೆಟ್ಟಿಲು ಹತ್ತಿದ ಪಬ್‌ನ ಹೆಸರು ಕೆಡುತ್ತದೆ, ಪರವಾನಗಿಗೆ ತೊಡಕಾಗುತ್ತದೆ ಎಂಬುದು ಮಾಲೀಕರ ಅಂಜಿಕೆ. ಸಾಕ್ಷಿ ಹೇಳಬೇಕಾದವರು ಅದೇ ಪಬ್‌ನ ಸಿಬ್ಬಂದಿ. ಕತ್ತಲು, ಸದ್ದು, ನೂಕುನುಗ್ಗಲುಗಳ ನಡುವೆ ಕ್ಯಾಮೆರಾ ಕನ್ಸೋಲ್‌ನತ್ತ ತಿರುಗಿರುವುದೂ ಕಡಿಮೆ. ರಾತ್ರಿ ದುಡಿಯುವ ಹೆಣ್ಣುಮಗಳು ದೂರು ಕೊಡಲು ಹೋದರೆ, ಅಂಥ ಜಾಗದಲ್ಲಿ ನಿನಗೇನು ಕೆಲಸ ಎಂಬ ಪ್ರಶ್ನೆ ಎದುರಾಗುವ ಅಳುಕು ಬೇರೆ.

ಹೊರಗಿನ ಪಾಠ, ಒಳಗಿನ ದಾರಿ

ಬ್ರಿಟನ್‌ನಲ್ಲಿ 2024ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕಾನೂನು, ಲೈಂಗಿಕ ಕಿರುಕುಳ ನಡೆದ ಮೇಲೆ ವಿಚಾರಿಸುವುದಷ್ಟೇ ಅಲ್ಲದೆ, ನಡೆಯದಂತೆ ಮುಂಚಿತವಾಗಿಯೇ ಸೂಕ್ತ ಕ್ರಮ ಕೈಗೊಳ್ಳುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿದೆ. ಗ್ರಾಹಕರಿಂದ ಆಗುವ ಕಿರುಕುಳವನ್ನೂ ಈ ಹೊಣೆಯೊಳಗೆ ಎಣಿಸಬೇಕೆಂದು ಅಲ್ಲಿನ ಸಮಾನತಾ ಆಯೋಗದ ಮಾರ್ಗಸೂಚಿ ಹೇಳುತ್ತದೆ. ಬರ್ಲಿನ್‌ನ ಹಲವು ಕ್ಲಬ್‌ಗಳಲ್ಲಿ ಒಳಬರುವವರ ಮೊಬೈಲ್ ಕ್ಯಾಮೆರಾಕ್ಕೆ ಬಾಗಿಲಲ್ಲೇ ಸ್ಟಿಕ್ಕರ್ ಅಂಟಿಸುತ್ತಾರೆ. ಅನುಮತಿಯಿಲ್ಲದೆ ಚಿತ್ರ ತೆಗೆಯುವ ಚಾಳಿಗೆ ಅಷ್ಟರಲ್ಲೇ ತಡೆ ಬೀಳುತ್ತದೆ.

ಇಲ್ಲಿಯೂ ಮಾಡಬಹುದಾದ ಕೆಲಸಗಳು ದುಬಾರಿಯವಲ್ಲ. ಕನ್ಸೋಲನ್ನು ಎರಡು ಅಡಿ ಎತ್ತರಿಸಿ, ಪಕ್ಕದಿಂದ ಯಾರೂ ನುಸುಳದಂತೆ ತಡೆ ಹಾಕಿದರೆ ಅರ್ಧ ತೊಂದರೆ ನೀಗುತ್ತದೆ. ಕೋರಿಕೆಗಳನ್ನು ಡಿಜೆಯ ಬದಲು ಒಬ್ಬ ಸಿಬ್ಬಂದಿ ಚೀಟಿಯಲ್ಲೋ ಮೊಬೈಲ್‌ನಲ್ಲೋ ಪಡೆಯುವಂತಾದರೆ, ಹಳೆಯ ಆರ್ಕೆಸ್ಟ್ರಾದ ಆರೋಗ್ಯಕರ ಅಂತರ ಮರಳಿ ಬರುತ್ತದೆ. ಡಿಜೆ ಕೈ ಎತ್ತಿದರೆ ಬೌನ್ಸರ್ ಬರಬೇಕೆಂಬ ಸನ್ನೆ ಮೊದಲೇ ಗೊತ್ತಾಗಿರಬೇಕು. ಬೌನ್ಸರ್‌ಗಳು 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯಂತೆ ಪರವಾನಗಿ ಪಡೆದ ಸಂಸ್ಥೆಯ ಮೂಲಕ ಬಂದವರಾಗಿರಬೇಕು. ಅವರಿಗೂ ಹೊಡೆಯುವ ಅಧಿಕಾರವಿಲ್ಲ. ತಡೆದು, ಹೊರಗೆ ಕರೆದೊಯ್ದು, ಅಗತ್ಯವಿದ್ದರೆ ಪೊಲೀಸರಿಗೆ ಒಪ್ಪಿಸುವುದಷ್ಟೇ ಅವರ ಕೆಲಸ. ಒಂದು ಕ್ಯಾಮೆರಾ ಸದಾ ಕನ್ಸೋಲ್‌ನತ್ತ ಇರಬೇಕು.

ಡಿಜೆಗಳೂ ಮಾಡಿಕೊಳ್ಳಬೇಕಾದ ಶಿಸ್ತುಗಳಿವೆ. ಗ್ರಾಹಕರು ಕಳುಹಿಸಿದ ಮದ್ಯವನ್ನು ಕೆಲಸದ ವೇಳೆ ಸ್ವೀಕರಿಸದಿರುವುದು, ಹಾಡಿಗಾಗಿ ನೋಟು ಪಡೆಯದಿರುವುದು ಇವುಗಳಲ್ಲಿ ಮುಖ್ಯ. ಒಮ್ಮೆ ನೋಟು ಕೈಗೆ ಬಂದರೆ ಕೋರಿಕೆ ವ್ಯಾಪಾರವಾಗುತ್ತದೆ. ವ್ಯಾಪಾರವಾದ ಮೇಲೆ ಗ್ರಾಹಕನ ಒತ್ತಾಯಕ್ಕೆ ನ್ಯಾಯದ ಬಣ್ಣ ಬರುತ್ತದೆ. ಆಗುವುದಿಲ್ಲ ಎನ್ನುವುದನ್ನೂ ನಗುತ್ತ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಹೇಳುವುದು ಉತ್ತಮ. ನೋಡೋಣ ಎಂದು ಹತ್ತು ಬಾರಿ ಹೇಳಿಸಿಕೊಂಡವನು ಹನ್ನೊಂದನೆಯ ಬಾರಿ ರೇಗುತ್ತಾನೆ. ಒಪ್ಪಂದವನ್ನು ಒಂದು ಪುಟದಲ್ಲಾದರೂ ಬರೆಸಿಕೊಂಡು, ಸುರಕ್ಷತೆಗೆ ಧಕ್ಕೆಯಾದರೆ ಸಂಗೀತ ನಿಲ್ಲಿಸಿ ಹೊರಡುವ ಹಕ್ಕು, ಆದರೂ ಸಂಭಾವನೆ ಪೂರ್ತಿ ಸಲ್ಲಬೇಕೆಂಬ ಷರತ್ತು ಸೇರಿಸಿದರೆ ಆಗುವುದಿಲ್ಲ ಎನ್ನುವ ಮಾತಿಗೆ ಬಲ ಬರುತ್ತದೆ.

ಸರ್ಕಾರದ ಪಾಲಿನ ಕೆಲಸವೂ ಸರಳ. ವೇಳೆ ವಿಸ್ತರಿಸಿ ವಹಿವಾಟು ಹೆಚ್ಚಿಸಿಕೊಳ್ಳುವ ಆಡಳಿತ, ಆ ಹೆಚ್ಚುವರಿ ಗಂಟೆಗಳಲ್ಲಿ ದುಡಿಯುವವರ ರಕ್ಷಣೆಯನ್ನೂ ಪರವಾನಗಿಯ ಷರತ್ತಾಗಿಸಬಹುದು. ಆಂತರಿಕ ಸಮಿತಿಯ ಸದಸ್ಯರ ಹೆಸರು, ದೂರವಾಣಿ ಸಂಖ್ಯೆ ಸಿಬ್ಬಂದಿಗೆ ಕಾಣುವಂತೆ ಗೋಡೆಯ ಮೇಲಿದೆಯೇ ಎಂದು ಪರಿಶೀಲಿಸಲು ಡೆಸಿಬಲ್ ಮಾಪಕವೇನೂ ಬೇಕಿಲ್ಲ.

ರಾಂಚಿಯಲ್ಲಿ ಬಿದ್ದ ಗುಂಡು ಒಮ್ಮೆಲೇ ಬಿದ್ದದ್ದಲ್ಲ. ಅದಕ್ಕೆ ಮುನ್ನ ಒಂದು ಮಾತು ಬೆಳೆದಿತ್ತು, ಒಂದು ಜಗಳ ನಡೆದಿತ್ತು, ಒಬ್ಬ ವ್ಯಕ್ತಿ ಹೊರಗೆ ಹೋಗಿ ಮರಳುವಷ್ಟು ಸಮಯವಿತ್ತು. ಅಷ್ಟು ಸಮಯದಲ್ಲಿ ಬಾಗಿಲೊಂದು ಭದ್ರವಾಗಿದ್ದರೆ, ಪೊಲೀಸರಿಗೆ ಒಂದು ಕರೆ ತಲುಪಿದ್ದರೆ ಫಲ ಬೇರೆಯಾಗುತ್ತಿತ್ತೇನೋ. ಡಿಜೆಯ ಸಹನೆಯೊಂದನ್ನೇ ನೆಚ್ಚಿಕೊಂಡಿರುವ ಪಬ್ ಪ್ರತಿ ವಾರಾಂತ್ಯವೂ ಆ ಅದೃಷ್ಟಪರೀಕ್ಷೆಯನ್ನು ನಡೆಸುತ್ತಲೇ ಇರುತ್ತದೆ. ಸಾವಿರ ಜನರನ್ನು ಕುಣಿಸುವ ಕೈಗಳಿಗೆ, ಬೇಡ ಎಂದು ಹೇಳುವಷ್ಟು ಸ್ವಾತಂತ್ರ್ಯವನ್ನು ಒದಗಿಸುವುದು ಆ ಕೈಗಳಿಂದ ಗಳಿಸುವವರ ಮೊದಲ ಋಣ.